ಮೂರು ಕಿಲೋ ಹೆಚ್ಚು

"ಎಪ್ಪತ್ತೊಂದು," ಎಂದಳು ಕೌಂಟರಿನವಳು.

ನಾನು ತೂಕದ ಯಂತ್ರದ ಮೇಲಿಂದ ಇಳಿಯಲಿಲ್ಲ. "ಏನಂದೆ?"

"ಎಪ್ಪತ್ತೊಂದು, ಮೇಡಂ. ಮುಂದಿನವರು ಬನ್ನಿ."

"ಮುಂದಿನವರು ಅಲ್ಲೇ ನಿಂತಿರ್ಲಿ. ಹೋದ ಶುಕ್ರವಾರ ನಗರದಲ್ಲಿ ವಿಮಾನ ಹತ್ತುವಾಗ ಅರವತ್ತೆಂಟಿದ್ದೆ. ಗಾಳಿ ಎದ್ದ ಮೇಲೆ ಈ ನಾಲ್ಕು ದಿನ ನೀವು ನಂಗೆ ಕೊಟ್ಟಿರೋದು ಒಣ ಬ್ರೆಡ್ಡು, ಹಾಲಿಲ್ಲದ ಟೀ. ಅದ್ರಲ್ಲಿ ಮೂರು ಕಿಲೋ ಎಲ್ಲಿಂದ ಬಂತು?"

ನನ್ನ ಹಿಂದೆ ಸಾಲಿನಲ್ಲಿದ್ದ ಪಂಪುಗಳ ಸೇಲ್ಸ್‌ಮನ್ನು ಕಿಸಕ್ಕನೆ ನಕ್ಕ. ತಿರುಗಿ ನೋಡಿದೆ. ನಗು ನಿಂತಿತು. ನಿವೃತ್ತಿಯಾದ ಮೇಲೆ, ಮೂವತ್ತೊಂದು ವರ್ಷದ ಪೊಲೀಸ್ ಕೆಲಸದಲ್ಲಿ ನನಗೆ ಉಳಿದಿರುವ ಆಸ್ತಿ ಇದೊಂದೇ.

ನಗುವ ಹೊತ್ತಲ್ಲ ಅದು. ಮಂಗಳವಾರದ ವಿಮಾನದಲ್ಲಿ ಹೋದರೆಂದು ನಾವೆಲ್ಲ ನಂಬಿದ್ದ, ಈ ಪುಟ್ಟ ವಿಮಾನ ನಿಲ್ದಾಣದ ಯಂತ್ರಗಳನ್ನು ನೋಡಲು ಬಂದಿದ್ದ ತಪಾಸಣೆ ಅಧಿಕಾರಿಯ ಹೆಣ ನಿನ್ನೆ ಜನರೇಟರ್ ಶೆಡ್ಡಿನಲ್ಲಿ ತಲೆ ಒಡೆದು ಸಿಕ್ಕಿತ್ತು. ಆ ಕೊಲೆಗಾಗಿ ಸಾಮಾನು ಕೋಣೆಯಲ್ಲಿ ಕೂಡಿಹಾಕಿಸಿಕೊಂಡವನು ನಾನು ನೋಡಿಹೋಗಲು ಬಂದಿದ್ದ ನನ್ನ ಸ್ವಂತ ತಮ್ಮ, ಇಲ್ಲಿನ ರೇಡಿಯೋದವನು. ಕೂಡಿಹಾಕಿಸಿದವಳು ನಾನೇ.

"ಮೇಡಂ, ಇಳೀತೀರಾ? ಹನ್ನೊಂದೂವರೆಗೆ ವಿಮಾನ ಅಂತೆ. ನಾನೂ ರಜಕ್ಕೆ ಹೋಗ್ತಿದೀನಿ, ಇನ್ನೂ ಬಟ್ಟೆ ತುಂಬ್ಕೊಂಡಿಲ್ಲ."

"ಮುಳ್ಳು ನೋಡು ಮೊದ್ಲು. ಅರವತ್ತೆಂಟರ ಮೇಲೆ ನಿಂತಿದೆ."

"ಮುಳ್ಳಿನ ಮಾತು ಕೇಳ್ಬೇಡಿ. ಈ ಯಂತ್ರ ಮೂರು ಕಮ್ಮಿ ತೋರ್ಸತ್ತೆ. ನಾವು ಮೂರು ಕೂಡ್ಸಿ ಬರ್ಕೋತೀವಿ. ನಾನು ಕೆಲ್ಸಕ್ಕೆ ಸೇರಿ ಹನ್ನೊಂದು ವರ್ಷ, ಅವತ್ತಿಂದ ಹೀಗೇನೇ."

"ರಿಪೇರಿಗೆ ಕಳಿಸ್ಬಾರ್ದಾ?"

"ಕಳಿಸ್ಬೇಕಂದ್ರೆ ವಿಮಾನಕ್ಕೆ ಹಾಕ್ಬೇಕು. ವಿಮಾನಕ್ಕೆ ಹಾಕ್ಬೇಕಂದ್ರೆ ಇದನ್ನ ತೂಗ್ಬೇಕು. ಯಾವ್ದರ ಮೇಲೆ ತೂಗ್ಲಿ, ನೀವೇ ಹೇಳಿ."

ಗೊಣಗುತ್ತಾ ಇಳಿದೆ. ಒಂಬತ್ತು ಸೀಟಿನ ವಿಮಾನದಲ್ಲಿ ಮನುಷ್ಯರಿಗೂ ಮೂಟೆಗೂ ವ್ಯತ್ಯಾಸವಿಲ್ಲ. ಎಲ್ಲರೂ ತೂಕಕ್ಕೆ ನಿಲ್ಲಬೇಕು, ಎಲ್ಲರ ತೂಕವೂ ಪೈಲಟ್‌ಗೆ ಗೊತ್ತಾಗಬೇಕು. ಕೌಂಟರಿನವಳು ಚೀಟಿ ಬರೆಯುತ್ತಾಳೆ, ಮ್ಯಾನೇಜರು ಚೀಟಿಗಳನ್ನು ಒಂದು ಹಾಳೆಗೆ ಇಳಿಸುತ್ತಾರೆ, ನನ್ನ ತಮ್ಮ ಆ ಹಾಳೆಯನ್ನು ರೇಡಿಯೋದಲ್ಲಿ ನಗರಕ್ಕೆ ಓದುತ್ತಾನೆ. ವಾರಕ್ಕೆ ಎರಡು ಸಲ, ವರ್ಷಗಟ್ಟಲೆ ನಡೆದುಬಂದದ್ದು ಇಷ್ಟೇ.

ಆ ಮುಳ್ಳು ನನಗೆ ಏನು ಹೇಳುತ್ತಿದೆಯೆಂದು ಆಗಲೇ ಹೊಳೆಯಬೇಕಿತ್ತು. ಬಂದದ್ದು ಸಿಟ್ಟು ಮಾತ್ರ.

ಹೊರಗೆ ಗಾಳಿ ಬೊಬ್ಬೆ ಹೊಡೆಯುತ್ತಿತ್ತು. ಮಂಗಳವಾರ ವಿಮಾನ ಹಾರಿ ಒಂದು ತಾಸಿನಲ್ಲಿ ಎದ್ದದ್ದು, ಇವತ್ತು ಶುಕ್ರವಾರ ಬೆಳಗ್ಗೆಯಾದರೂ ಇಳಿದಿರಲಿಲ್ಲ. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ್ದರೂ ಕುರ್ಚಿಯ ಮೇಲೆ, ಬ್ರೆಡ್ಡಿನ ಮೇಲೆ, ನಾಲಿಗೆಯ ಮೇಲೆ ಮರಳು. ರಸ್ತೆ ಎಂಬುದು ಮುನ್ನೂರು ಕಿಲೋಮೀಟರು ಉದ್ದದ ಬರೀ ಜಾಡು; ಅದೂ ಈಗ ಮುಚ್ಚಿಹೋಗಿತ್ತು. ಫೋನಿಗೆ ಸಿಗ್ನಲ್ ಯಾವತ್ತೂ ಇರಲಿಲ್ಲ. ಹನ್ನೆರಡು ಕುರ್ಚಿಯ ಒಂದು ಕಾಯುವ ಕೋಣೆ, ಒಂದು ಆಫೀಸು, ಮೇಲೆ ರೇಡಿಯೋ ಕೋಣೆ, ಹಿಂದೆ ನಾಲ್ಕು ಮನೆ. ಇಷ್ಟರೊಳಗೆ ನಾವು ಆರು ಜನ, ಒಂದು ಹೆಣ. ನಮ್ಮ ಆರು ಜನರಲ್ಲಿ ಒಬ್ಬರು ಕೊಲೆ ಮಾಡಿದವರು.

ಮಧ್ಯಾಹ್ನದೊಳಗೆ ಆ ಒಬ್ಬರನ್ನು ನಾನು ಹಿಡಿಯದಿದ್ದರೆ ಪೊಲೀಸರು ನನ್ನ ತಮ್ಮನನ್ನು ಕರೆದುಕೊಂಡು ಹೋಗುತ್ತಾರೆ. ಕೈಗೆ ಸಿಕ್ಕವನನ್ನು ಹಿಡಿದು ಫೈಲು ಮುಚ್ಚುವುದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

*

ಗಂಟೆಗೊಂದು ಸಲ ನಮ್ಮಲ್ಲಿ ಒಂದು ನಾಟಕ ನಡೆಯುತ್ತಿತ್ತು. ರೇಡಿಯೋ ಬಳಸಲು ಬರುವುದು ನನ್ನ ತಮ್ಮನೊಬ್ಬನಿಗೇ. ಹಾಗಾಗಿ ಮ್ಯಾನೇಜರು ಸಾಮಾನು ಕೋಣೆಯ ಬೀಗ ತೆಗೆಯುವುದು, ಕೊಲೆ ಆರೋಪಿಯನ್ನು ಮರ್ಯಾದೆಯಿಂದ ರೇಡಿಯೋ ಮುಂದೆ ಕೂರಿಸುವುದು, ಮಾತು ಮುಗಿದ ಮೇಲೆ ಮತ್ತೆ ತಂದು ಬೀಗ ಹಾಕುವುದು. ವಾರದ ಹಿಂದೆ ಯಾರಾದರೂ ಇದನ್ನು ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಹತ್ತು ಗಂಟೆಗೆ ನಾನು ಹೋದೆ. ಮ್ಯಾನೇಜರು ಬೀಗ ತೆಗೆದು, ತೂಕದ ಹಾಳೆ ಅವನ ಕೈಗಿತ್ತು, ಮೆಟ್ಟಿಲ ಕೆಳಗೇ ನಿಂತರು. ಸೋಮವಾರ ಮಲಗಿಸಿದ ಜ್ವರ ಅವರನ್ನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಏದುಸಿರು.

"ಏನಾದ್ರೂ ತಿಂದ್ಯಾ?" ಎಂದೆ ತಮ್ಮನಿಗೆ.

"ಬ್ರೆಡ್ಡು."

"ನಿದ್ದೆ?"

"ನಟ್ಟು ಬೋಲ್ಟಿನ ಮೂಟೆ ಮೇಲೆ ಎಷ್ಟು ಬರತ್ತೋ ಅಷ್ಟು." ಎರಡು ಮೆಟ್ಟಿಲು ಹತ್ತಿ ನಿಂತ. "ಅಕ್ಕ, ನೀನು ನಿನ್ನ ಕೆಲ್ಸ ಮಾಡ್ದೆ. ನಂಗೇನೂ ಬೇಜಾರಿಲ್ಲ. ನೀನೂ ಬೇಜಾರು ಮಾಡ್ಕೋಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮ ಹೋದಾಗ ಇವನಿಗೆ ಆರು, ನನಗೆ ಹದಿನೆಂಟು. ಇವನಿಗೆ ತಲೆ ಬಾಚಿ, ಚಡ್ಡಿಯ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ನಾನು. ಅದೇ ಕೈಯಿಂದ ನಿನ್ನೆ ಬೀಗ ಹಾಕಿಸಿದೆ.

ಹಾಕಿಸದೆ ಏನು ಮಾಡಲಿ? ಸತ್ತವರ ಕನ್ನಡಕ ಸಿಕ್ಕಿದ್ದು ಇವನ ರೇಡಿಯೋ ಮೇಜಿನ ಡ್ರಾಯರಿನಲ್ಲಿ. ಅದೂ ಸಾಲದೆಂಬಂತೆ ಮಂಗಳವಾರದ ಹಾಳೆ. ಅವತ್ತು ಗಾಳಿಯ ಭಯಕ್ಕೆ ಪೈಲಟ್ ಎಂಜಿನ್ನು ಆರಿಸದೆಯೇ ಜನರನ್ನು ಹತ್ತಿಸಿಕೊಂಡು, ಹಾಳೆಯನ್ನು ಕಿಟಕಿಯಲ್ಲಿ ಇಸಿದುಕೊಂಡು ಹಾರಿದ್ದ. ಹಾಳೆಯಲ್ಲಿ ಏಳು ಹೆಸರು, ನಗರದಲ್ಲಿ ಇಳಿದವರು ಆರು. ಏಳನೆಯದು ತಪಾಸಣೆಯವರ ಹೆಸರು. ರೇಡಿಯೋದವನು ಬಂದು 'ಅವರು ಆಗಲೇ ಹತ್ತಿದ್ದಾರೆ, ಸೇರಿಸಿಕೊಳ್ಳಿ' ಅಂದ ಎಂದು ಮ್ಯಾನೇಜರು ಹೇಳುತ್ತಾರೆ. ನಾನು ಹಾಗೆ ಹೇಳೇ ಇಲ್ಲ ಎನ್ನುತ್ತಾನೆ ಇವನು. 'ಸೋಮವಾರ ಮಧ್ಯಾಹ್ನದ ಊಟದ ಮೇಲೆ ಆ ಮನುಷ್ಯನ ಮುಖವನ್ನೇ ನೋಡಿಲ್ಲ' ಎಂದು ನಿನ್ನೆ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ್ದ. ಅಕ್ಕ ನಂಬಿದಳು. ಪೊಲೀಸಮ್ಮ ಬೀಗ ಹಾಕಿಸಿದಳು.

ರೇಡಿಯೋ ಕೋಣೆಗೆ ನಾಲ್ಕು ಕಡೆಯೂ ಗಾಜು. ಮರಳು ಗಾಜಿಗೆ ಚರಚರ ಬಡಿಯುತ್ತಿತ್ತು. ರನ್‌ವೇ ಪಕ್ಕದ ಕಂಬದಲ್ಲಿ, ಗಾಳಿಯ ಬಿರುಸು ತೋರಿಸುವ ಗಾಳಿಚೀಲ ಕಂಬಕ್ಕೆ ಅಡ್ಡಡ್ಡಲಾಗಿ ಸೆಟೆದು ನಿಂತಿತ್ತು. ತಮ್ಮ ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಬೇರೆ ಮನುಷ್ಯನಾದ. ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು.

"ಪ್ರಯಾಣಿಕರ ಹೆಸರು, ತೂಕ ಹೇಳಿ," ಎಂದಿತು ನಗರದ ದನಿ.

ಹಾಳೆ ಬಿಚ್ಚಿ ಓದಿದ. ನರ್ಸಮ್ಮನ ಹೆಸರು, ಐವತ್ತೆರಡು. ಸೇಲ್ಸ್‌ಮನ್ನಿನ ಹೆಸರು, ಎಂಬತ್ತೆರಡು. ಕೌಂಟರಿನವಳು, ಐವತ್ತೊಂಬತ್ತು. ನನ್ನ ಹೆಸರು ಬಂತು.

"ಅರವತ್ತೆಂಟು," ಎಂದ.

ಮನಸ್ಸಿನಲ್ಲೇ ಬೀಗಿದೆ. ಸದ್ಯ, ಮ್ಯಾನೇಜರಿಗಾದರೂ ಕಣ್ಣಿದೆ.

"ಗಾಳಿ ಇಳೀತಾ ಬರತ್ತೆ ಅಂತ ಹವಾಮಾನದವರು ಹೇಳಿದಾರೆ," ಎಂದಿತು ಆ ದನಿ. "ಹೊರಡ್ತೀವಿ. ಪೊಲೀಸರು ಇಬ್ರು ಬರ್ತಿದಾರೆ. ನಿಮ್ಮಲ್ಲಿ ಹಿಡಿದಿಟ್ಟಿರೋ ವ್ಯಕ್ತಿ ಕ್ಷೇಮವಾಗಿದಾನಾ?"

ತಮ್ಮ ನನ್ನ ಕಡೆ ಒಮ್ಮೆ ನೋಡಿದ. "ಕ್ಷೇಮವಾಗಿದಾನೆ," ಎಂದ.

ಹಾಳೆ ಮಡಚಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಹಾಗೆಯೇ ಕೆಳಗೆ ಮ್ಯಾನೇಜರಿಗೆ ದಾಟಿಸಿದೆ. ಬೀಗ ಮತ್ತೆ ಬಿತ್ತು.

*

ಕಾಯುವ ಕೋಣೆಗೆ ಬಂದು ಕೂತವಳು ಥಟ್ಟನೆ ಎದ್ದು ನಿಂತೆ.

ಅರವತ್ತೆಂಟು ನನ್ನ ನಿಜವಾದ ತೂಕ. ಆದರೆ ಮುಳ್ಳೂ ಅರವತ್ತೆಂಟನ್ನೇ ತೋರಿಸಿತ್ತಲ್ಲ. ಈ ಯಂತ್ರ ಮೂರು ಕಿಲೋ ಕಡಿಮೆ ತೋರಿಸುವುದಾದರೆ ಮುಳ್ಳು ಅರವತ್ತೈದರ ಮೇಲೆ ನಿಲ್ಲಬೇಕಿತ್ತು.

"ಬಾರಮ್ಮ ಇಲ್ಲಿ," ಎಂದು ಕೌಂಟರಿನವಳನ್ನು ಕರೆದೆ. "ತೂಕ ಗೊತ್ತಿರೋ ವಸ್ತು ಏನಿದೆ ನಿಮ್ಮಲ್ಲಿ? ಸೀಲ್ ಒಡೀದೇ ಇರೋದು."

"ರನ್‌ವೇ ತೇಪೆಗೆ ತರಿಸಿದ ಸಿಮೆಂಟ್ ಇದೆ. ಐವತ್ತು ಕಿಲೋ ಮೂಟೆ."

ಸೇಲ್ಸ್‌ಮನ್ನಿನ ಕಡೆ ತಿರುಗಿದೆ. "ನೀವು ಆಗ್ಲೇ ಚೆನ್ನಾಗಿ ನಕ್ರಲ್ಲ, ಮೈಯಲ್ಲಿ ಶಕ್ತಿ ಇರೋ ಹಾಗಿದೆ. ಒಂದು ಮೂಟೆ ತನ್ನಿ."

ಪಾಪ, ತಂದ. ಹಲ್ಲು ಕಚ್ಚಿಕೊಂಡು ಯಂತ್ರದ ಮೇಲೆ ಇಟ್ಟ. ಮುಳ್ಳು ಹೊಯ್ದಾಡಿ ಐವತ್ತಕ್ಕೆ ನಿಂತಿತು.

"ಐವತ್ಮೂರು," ಎಂದಳು ಕೌಂಟರಿನವಳು, ಅಭ್ಯಾಸಬಲದಿಂದ. ಆಮೇಲೆ ಮೂಟೆಯ ಮೇಲೆ ಅಚ್ಚಾಗಿದ್ದ ಸಂಖ್ಯೆ ನೋಡಿದಳು. ಬಾಯಿ ತೆರೆದದ್ದು ಮುಚ್ಚಲಿಲ್ಲ.

ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆಸಿದೆ. ಹಿಂಬದಿಯಲ್ಲಿ, ಗೋಡೆಗೆ ಮುಖ ಮಾಡಿದ ಕಡೆ, ಹೊಸ ಚೀಟಿಯೊಂದು ಅಂಟಿಸಿತ್ತು. 'ಪರೀಕ್ಷಿಸಿ ಸರಿಪಡಿಸಲಾಗಿದೆ.' ಕೆಳಗೆ ತಪಾಸಣೆಯವರ ಸಹಿ, ಸೋಮವಾರದ ತಾರೀಕು, ಸಂಜೆ ಆರು ಹತ್ತು.

"ಸೋಮವಾರ ನೀನು ಕೌಂಟರ್ ಮುಚ್ಚಿದ್ದು ಎಷ್ಟೊತ್ತಿಗೆ?"

"ನಾಲ್ಕಕ್ಕೆ. ಕೊನೇದಾಗಿ ನರ್ಸಮ್ಮನ ಔಷಧಿ ಪೆಟ್ಟಿಗೆ ತೂಗ್ದೆ. ಮೇಲೆ ಇಪ್ಪತ್ತು ಅಂತ ಬರ್ದಿತ್ತು, ಮುಳ್ಳು ಹದಿನೇಳು ತೋರಿಸ್ತು. ಚೆನ್ನಾಗಿ ನೆನಪಿದೆ."

"ಆಮೇಲೆ ಈ ಯಂತ್ರ ಸರಿಯಾಗಿದೆ ಅಂತ ನಿಂಗೆ ಯಾರೂ ಹೇಳ್ಲಿಲ್ಲ."

"ನನ್ನಾಣೆ ಹೇಳಿಲ್ಲ ಮೇಡಂ. ಮಂಗಳವಾರದವರಿಗೂ ಮೂರು ಮೂರು ಕೂಡಿಸಿ ಬರ್ದುಬಿಟ್ಟೆ." ಅವಳ ಮುಖ ಹುಳ್ಳಗಾಯಿತು.

ಸೋಮವಾರ ನಾಲ್ಕರ ನಂತರ ತಪಾಸಣೆಯವರನ್ನು ಕಂಡವರು ಯಾರೂ ಇಲ್ಲ ಎಂದು ಎಲ್ಲರೂ ಹೇಳಿದ್ದರು. ಆದರೆ ಆರು ಹತ್ತಕ್ಕೆ ಆ ಮನುಷ್ಯ ಜೀವಂತವಾಗಿ ಇಲ್ಲಿ ನಿಂತು ಯಂತ್ರ ಸರಿ ಮಾಡಿದ್ದಾರೆ. ಯಾರಿಗೂ ಹೇಳುವ ಮೊದಲೇ ಸತ್ತಿದ್ದಾರೆ. ಆಗ ಅವರ ಜೊತೆಗಿದ್ದವರಿಗೆ ಮಾತ್ರ ಈ ಯಂತ್ರ ಸರಿಯಾದದ್ದು ಗೊತ್ತು. ಚೀಟಿಯಲ್ಲಿ ಎಪ್ಪತ್ತೊಂದು ಎಂದಿದ್ದದ್ದನ್ನು ಹಾಳೆಯಲ್ಲಿ ಅರವತ್ತೆಂಟು ಮಾಡಿದವರಿಗೆ.

ಹಾಳೆ ಬರೆಯುವವರು ಮ್ಯಾನೇಜರು. ಜ್ವರ ಬಂದು ಮೂರು ಗಂಟೆಗೇ ಮಲಗಿದ್ದೆ ಎಂದವರೂ ಅವರೇ. ಏಳನೆಯ ಹೆಸರು ಸೇರಿಸಿದ್ದೂ ಅವರೇ.

ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗಾದದ್ದು ಸಂತೋಷ. ಸೊಂಟದ ನೋವು ಮರೆತು ಆಫೀಸಿನ ಕಡೆ ದಾಪುಗಾಲು ಹಾಕಿದೆ.

*

ಮ್ಯಾನೇಜರು ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಕಾಗದ ಹಾರದಂತೆ ಪ್ರತಿಯೊಂದರ ಮೇಲೂ ಒಂದೊಂದು ಕಲ್ಲು ಇಟ್ಟುಕೊಂಡಿದ್ದರು. ನರ್ಸಮ್ಮ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಥರ್ಮಾಮೀಟರ್ ಒರೆಸುತ್ತಿದ್ದಳು. ಆಕೆ ಎರಡು ತಿಂಗಳಿಗೊಮ್ಮೆ ಬಂದು ಸುತ್ತಮುತ್ತಲಿನ ಮೂರೂ ಮತ್ತೊಂದು ಮನೆಗಳನ್ನು ನೋಡಿಕೊಂಡು ಹೋಗುವವಳು. ಈ ಸಲ ನಮ್ಮ ಜೊತೆ ಸಿಕ್ಕಿಹಾಕಿಕೊಂಡಿದ್ದಳು.

"ಸೋಮವಾರ ಸಂಜೆ ಆರು ಗಂಟೆಗೆ ಎಲ್ಲಿದ್ರಿ?" ಎಂದೆ.

"ಎಷ್ಟು ಸಲ ಹೇಳ್ಲಿ ಪೊಲೀಸಮ್ಮ? ಮನೇಲಿ. ಹಾಸಿಗೆ ಮೇಲೆ."

"ಇಲ್ಲ. ಕಾಯೋ ಕೋಣೇಲಿ ತೂಕದ ಯಂತ್ರದ ಪಕ್ಕ ನಿಂತಿದ್ರಿ."

ಅವರು ಕೆಮ್ಮಿದರು. "ಏನು ಹಾಗಂದ್ರೆ?"

ಒಂದೂ ಬಿಡದೆ ಹೇಳಿದೆ. ಸಿಮೆಂಟು ಮೂಟೆ, ಚೀಟಿ, ಸಹಿ, ಆರು ಹತ್ತು. ಹನ್ನೊಂದು ವರ್ಷದ ಮೂರು ಕಿಲೋ. ಹೇಳುತ್ತಾ ಹೇಳುತ್ತಾ ದನಿ ಏರಿತು. ಕಾಯುವ ಕೋಣೆಯವರೆಲ್ಲ ಬಾಗಿಲಲ್ಲಿ ಬಂದು ನಿಂತಿದ್ದರು. ನಿಲ್ಲಲಿ, ನಾಲ್ಕು ಜನ ಕೇಳಲಿ ಎಂದೇ ಇನ್ನಷ್ಟು ಗಟ್ಟಿಯಾಗಿ ಹೇಳಿದೆ.

"ನಿಮ್ಮ ಕೌಂಟರಿನವಳು ಪಾಪ, ಅಭ್ಯಾಸದಂತೆ ಮೂರು ಕೂಡಿಸಿದ್ಲು. ನಿಮ್ಗೆ ಕೈ ಬರ್ಲಿಲ್ಲ. ಯಂತ್ರ ಸರಿಯಾಗಿದೆ ಅಂತ ಗೊತ್ತಲ್ಲ. ತಪ್ಪು ತೂಕ ಮೇಲೆ ಕಳ್ಸಕ್ಕೆ ಮನಸ್ಸಾಗ್ದೆ ಮೂರು ಮೂರು ಕಳೆದು ಬರೆದ್ರಿ. ಅಲ್ಲೇ ಸಿಕ್ಕಿಬಿದ್ರಿ."

ಮ್ಯಾನೇಜರು ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡಿದ್ದೆ. ಮೇಜು ಗುದ್ದುತ್ತಾರೆ, ಇಲ್ಲವೇ ಕುಸಿದು ಕೂರುತ್ತಾರೆ. ಎರಡೂ ಆಗಲಿಲ್ಲ. ಅವರು ಹುಬ್ಬು ಗಂಟಿಕ್ಕಿಕೊಂಡು ಲೆಕ್ಕ ತಾಳೆಯಾಗದ ಗುಮಾಸ್ತನಂತೆ ನನ್ನನ್ನೇ ನೋಡಿದರು.

"ನಾನು ಕಳೆದೆ ಅಂತ ಯಾರು ಹೇಳಿದ್ದು ನಿಮ್ಗೆ?"

"ಹಾಳೆ ಹೇಳ್ತು."

"ಯಾವ ಹಾಳೆ?"

"ಹತ್ತು ಗಂಟೆಗೆ ರೇಡಿಯೋದಲ್ಲಿ ಓದಿದ್ದು. ನಾನೇ ಪಕ್ಕದಲ್ಲಿ ನಿಂತು ಕೇಳಿದೀನಿ. ನನ್ನ ಹೆಸರಿಗೆ ಅರವತ್ತೆಂಟು."

ಮ್ಯಾನೇಜರು ಒಂದು ಕಲ್ಲು ಎತ್ತಿ, ಅದರ ಕೆಳಗಿನ ಮಡಚಿದ ಹಾಳೆಯನ್ನು ನನ್ನ ಕಡೆ ತಳ್ಳಿದರು. "ನೀವೇ ತಂದುಕೊಟ್ಟಿದ್ದು. ನಾನು ಆಮೇಲೆ ಮುಟ್ಟಿಲ್ಲ. ಬಿಚ್ಚಿ ನೋಡಿ."

ಬಿಚ್ಚಿದೆ.

ನರ್ಸಮ್ಮ ಐವತ್ತೈದು. ಸೇಲ್ಸ್‌ಮನ್ ಎಂಬತ್ತೈದು. ಕೌಂಟರಿನವಳು ಅರವತ್ತೆರಡು. ನಾನು ಎಪ್ಪತ್ತೊಂದು. ಮ್ಯಾನೇಜರ ದುಂಡನೆಯ ಅಕ್ಷರ, ನೀಲಿ ಶಾಯಿ, ಎಲ್ಲೂ ತಿದ್ದಿರಲಿಲ್ಲ.

"ಅವಳು ಕೊಟ್ಟ ಚೀಟಿ ನಾನು ಕಾಪಿ ಮಾಡಿದೆ ಅಷ್ಟೇ," ಎಂದರು ಮ್ಯಾನೇಜರು. "ಯಂತ್ರ ರಿಪೇರಿ ಆಗಿದೆ ಅಂತ ನಂಗೆ ಗೊತ್ತಾಗಿದ್ದು ಈಗ, ನಿಮ್ಮ ಬಾಯಿಂದ."

"ಸೋಮವಾರ ಐದು ಗಂಟೆಯಿಂದ ಒಂಬತ್ತರ ತನಕ ನಾನು ಇವರ ಮಂಚದ ಪಕ್ಕ ಕೂತಿದ್ದೆ," ಎಂದಳು ನರ್ಸಮ್ಮ. "ನೂರಾ ನಾಲ್ಕು ಜ್ವರ. ಎದ್ದು ನಿಲ್ಲೋ ಸ್ಥಿತಿಯಲ್ಲಿ ಇರ್ಲಿಲ್ಲ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ. ಆ ಅಧಿಕಾರಿನ ಕಂಡ್ಯಾ ಅಂದ್ರಿ ಅಷ್ಟೇ, ಆಮೇಲೆ ಮಂಗಳವಾರದ್ದೇ ಕೇಳ್ತಾ ಹೋದ್ರಿ."

ನಿಜ. ಕೇಳಿರಲಿಲ್ಲ. ಮಡಚಿದ ಕಾಗದ ನನ್ನ ಕೈಯಲ್ಲೇ ಇತ್ತು, ಹದಿನೆಂಟು ಮೆಟ್ಟಿಲು ಇಳಿಯುವ ತನಕ ಇತ್ತು. ಬಿಚ್ಚಿ ನೋಡಲಿಲ್ಲ. ಯಾರು ಕೊಂದಿರಬೇಕು ಎಂದು ಮೊದಲೇ ಬಯಸಿ, ಆಮೇಲೆ ಸಾಕ್ಷಿ ಹುಡುಕಿದೆ. ಹೊಸದಾಗಿ ಸೇರಿದ ಹುಡುಗಿಯರು ಈ ತಪ್ಪು ಮಾಡಿದಾಗ ನಾನು ಅವರ ಚರ್ಮ ಸುಲಿಯುತ್ತಿದ್ದೆ.

ಕಾಗದದಲ್ಲಿ ಎಪ್ಪತ್ತೊಂದು ಇತ್ತು. ಓದಿದ್ದು ಅರವತ್ತೆಂಟು. ನಡುವೆ ಇದ್ದದ್ದು ಒಂದೇ ಬಾಯಿ.

ಮ್ಯಾನೇಜರಿಗೂ ಅರ್ಥವಾಗಿತ್ತು. ತಲೆ ಎತ್ತಿ ಮಾಡಿನ ಕಡೆ, ರೇಡಿಯೋ ಕೋಣೆಯಿದ್ದ ಕಡೆ ನೋಡಿದರು. ಆಮೇಲೆ ಎದ್ದು, ಬಾಗಿಲಲ್ಲಿದ್ದವರನ್ನು ಆಚೆ ಕಳಿಸಿದರು. ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟರು.

"ಹನ್ನೊಂದು ಇಪ್ಪತ್ತಾಯ್ತು. ವಿಮಾನ ಕರೆಯೋ ಹೊತ್ತು. ಅವನು ಮ್ಯಾಲಿರ್ಬೇಕು, ಇಲ್ದಿದ್ರೆ ಇಳಿಯಲ್ಲ ಅವರು." ಬೀಗದ ಕೈ ನನ್ನ ಕಡೆ ತಳ್ಳಿ, "ನೀವೇ ಕರ್ಕೊಂಡು ಹೋಗಿ. ನೀವು ಅಷ್ಟು ವರ್ಷ ಪೊಲೀಸಲ್ಲಿದ್ದವರು. ನಿಮ್ಮ ಮೇಲೆ ನಂಗೆ ನಂಬಿಕೆ ಇದೆ," ಎಂದರು.

ಅವರೇ ಕೊಲೆಗಾರ ಎಂದು ನಾನು ಕೂಗಿ ಇನ್ನೂ ಐದು ನಿಮಿಷ ಆಗಿರಲಿಲ್ಲ. ಆ ಮನುಷ್ಯ ಒಂದು ಕೊಂಕು ಮಾತು ಆಡಲಿಲ್ಲ. ನಾಚಿಕೆಯಿಂದ ಬೀಗದ ಕೈ ಎತ್ತಿಕೊಂಡೆ.

*

ಸಾಮಾನು ಕೋಣೆಯ ಮುಂದೆ ನಿಂತಾಗ ಏನೋ ಬದಲಾಗಿದೆ ಅನ್ನಿಸಿತು. ಏನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಸದ್ದಿರಲಿಲ್ಲ. ಗಾಳಿ ನಿಂತುಹೋಗಿತ್ತು. ನಾಲ್ಕು ದಿನ ಕಿವಿಯೊಳಗೇ ಕೂತಿದ್ದ ಬೊಬ್ಬೆ ಹೋಗಿ, ನನ್ನ ಉಸಿರು ನನಗೇ ಕೇಳಿಸುತ್ತಿತ್ತು.

ಬೀಗ ತೆಗೆದೆ. ಕಬ್ಬಿಣದ ಮೆಟ್ಟಿಲನ್ನು ಇಬ್ಬರೂ ಹತ್ತಿದೆವು. ಕಂಬದ ಗಾಳಿಚೀಲ ಒದ್ದೆ ಕಾಲುಚೀಲದಂತೆ ಕೆಳಗೆ ಜೋತುಬಿದ್ದಿತ್ತು. ಎದ್ದ ಧೂಳು ಮಾತ್ರ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ಮೇಲಿನಿಂದ ನೋಡುವವರಿಗೆ ಎಲ್ಲವೂ ಒಂದೇ ಕಂದು ಬಣ್ಣ.

ತಮ್ಮ ಕುರ್ಚಿಯಲ್ಲಿ ಕೂತ. ನಾನು ಬಾಗಿಲು ಮುಂದೆ ಮಾಡಿದೆ.

"ತೂಕದ ಯಂತ್ರ ಸರಿಯಾಗಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಅವನು ಸ್ವಿಚ್ಚಿನ ಮೇಲಿದ್ದ ಕೈ ತೆಗೆದ. ತಿರುಗಲಿಲ್ಲ.

"ಕಾಗದದಲ್ಲಿ ಎಪ್ಪತ್ತೊಂದಿತ್ತು. ನೀನು ಅರವತ್ತೆಂಟು ಓದ್ದೆ. ಎಲ್ಲರದೂ ಮೂರು ಕಳೆದು ಓದ್ದೆ."

"ಬಾಯಿಗೆ ಹಾಗೇ ಬಂದ್ಬಿಡ್ತು," ಎಂದ. ಸುಸ್ತಾದವನ ದನಿ. "ಇಪ್ಪತ್ತೆರಡು ವರ್ಷ, ಅಕ್ಕ. ಗಾಳಿಯಲ್ಲಿರೋರಿಗೆ ಒಂದು ತಪ್ಪು ಅಂಕಿ ಹೇಳಿದವನಲ್ಲ ನಾನು."

"ಸೋಮವಾರ ಸಂಜೆ ಅವರ ಜೊತೆ ಇದ್ದೆ."

"ಇದ್ದೆ. ಯಂತ್ರ ಸರಿ ಮಾಡುವಾಗ ಟಾರ್ಚ್ ಹಿಡ್ಕೊಂಡಿದ್ದೆ."

"ನಿನ್ನೆ ನನ್ನ ಮುಖ ನೋಡ್ಕೊಂಡು ಇಲ್ಲ ಅಂದೆ."

"ಅಂದೆ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಕೇಳಿದೆ. ಹೊರಬಂದದ್ದು ಅಕ್ಕನ ದನಿಯಲ್ಲ, ಠಾಣೆಯ ದನಿ. "ಕೊಂದ್ಯಾ?"

"ಇಲ್ಲ."

"ಕೊಂದವರು ಯಾರು ಗೊತ್ತಾ?"

ಮೈಕಿನ ವೈರನ್ನು ಬೆರಳಿಗೆ ಸುತ್ತತೊಡಗಿದ.

"ಬಾಯಿ ಬಿಡೋ. ಇನ್ನು ಹತ್ತು ನಿಮಿಷಕ್ಕೆ ಕೋಳ ಬೀಳತ್ತೆ ಕೈಗೆ. ಕೆಳಗೆ ಅಷ್ಟೂ ಜನಕ್ಕೆ ಕೇಳೋ ಹಾಗೆ ನಿನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿ ಬಂದಿದೀನಿ. ನನ್ನ ಕೈಲಿ ಇನ್ನು ಏನೂ ಉಳಿದಿಲ್ಲ. ಹೇಳು."

ಈಗ ತಿರುಗಿದ. ಕಣ್ಣು ಕೆಂಪಗಿದ್ದವು. "ಅಕ್ಕ, ಕೆಳಗೆ ಮೂರು ಜನ ಪೆಟ್ಟಿಗೆ ಕಟ್ಕೊಂಡು ಕೂತಿದಾರೆ. ವಿಮಾನ ಇಳಿದ್ರೆ ಪೊಲೀಸರು ನನ್ನ ಹಿಡ್ಕೋತಾರೆ, ಅವರನ್ನ ಹತ್ತಿಸಿ ಕಳಿಸ್ತಾರೆ. ಆ ಮೂವರಲ್ಲಿ ಒಬ್ರು ನಗರದಲ್ಲಿ ಇಳಿದ ಮೇಲೆ ಯಾರ ಕೈಗೂ ಸಿಗಲ್ಲ."

"ಯಾರು?"

"ಈಗ ಹೇಳಿದ್ರೆ ನೀನು ಕೆಳಗೆ ಓಡಿ ಕೂಗಾಡ್ತೀಯ. ನನ್ನ ಮಾತಿಗೆ ಸಾಕ್ಷಿ ಏನಿದೆ? ನನ್ನ ಡ್ರಾಯರಲ್ಲಿ ಕನ್ನಡಕ ಇದೆ, ಅಷ್ಟೇ. ನಂಗೆ ಸ್ವಲ್ಪ ದಿನ ಬೇಕು."

"ದಿನ ಎಲ್ಲಿಂದ ತರ್ಲಿ ನಾನು?"

ರೇಡಿಯೋ ಕರಕರ ಎಂದಿತು. ಪೈಲಟ್‌ನ ದನಿ ಸ್ಪಷ್ಟವಾಗಿ ಬಂತು. "ಹತ್ರ ಬಂದಿದೀವಿ. ಕೆಳಗೆ ಮಬ್ಬು ಮಬ್ಬಾಗಿದೆ, ರನ್‌ವೇ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಗಾಳಿ ಎಷ್ಟಿದೆ ಹೇಳಿ."

ತಮ್ಮ ಕಿಟಕಿಯಾಚೆ ನೋಡಿದ. ಜೋತುಬಿದ್ದ ಗಾಳಿಚೀಲವನ್ನು ನಾನೂ ನೋಡಿದೆ. ಅದು ಒಂದಿಷ್ಟೂ ಅಲುಗಲಿಲ್ಲ. ಅವನು ನನ್ನ ಕಡೆ ನೋಡಿದ, ತುಂಬಾ ಹೊತ್ತು ನೋಡಿದ ಹಾಗನ್ನಿಸಿತು. ಮೈಕಿನ ಗುಂಡಿ ಒತ್ತಿದ.

"ಗಾಳಿ ನಲವತ್ತು. ಅಡ್ಡಗಾಳಿ. ಮರಳು ಏಳ್ತಿದೆ. ಇಳೀಬೇಡಿ. ವಾಪಸ್ ಹೋಗಿ."

ಮೈಕು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಸುಳ್ಳು ಎಂಬ ಒಂದೇ ಒಂದು ಮಾತು ಸಾಕಿತ್ತು. ಪೊಲೀಸ್ ಕೆಲಸಕ್ಕೆ ಸೇರಿದ ದಿನದಿಂದ ಇಂಥ ಮಾತು ಆಡಲು ನಾನು ಎರಡು ಸಲ ಯೋಚಿಸಿದವಳಲ್ಲ. ಅವನು ನಿರಪರಾಧಿ ಎಂದು ನನಗೆ ಗೊತ್ತಿರಲಿಲ್ಲ. ಅವನು ಕೊಲೆಗಾರನೇ ಆಗಿದ್ದರೆ, ಕೆಳಗಿರುವವರನ್ನೆಲ್ಲ ಅವನ ಜೊತೆ ಕೂಡಿಹಾಕುತ್ತಿದ್ದೇನೆ ಎಂಬುದು ಗೊತ್ತಿತ್ತು. ಆದರೂ ನಾಲಿಗೆ ಏಳಲಿಲ್ಲ.

"ಸರಿ," ಎಂದ ಪೈಲಟ್. "ತಿರುಗಿಸ್ತಿದೀವಿ. ಮಂಗಳವಾರ ನೋಡೋಣ. ಹುಷಾರು."

ಆ ನಿಶ್ಶಬ್ದದಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆ ಒಂದು ಕ್ಷಣ ಕೇಳಿಸಿತು. ಆಮೇಲೆ ಸಣ್ಣದಾಗುತ್ತಾ ಹೋಯಿತು. ಕೆಳಗೆ ಕುರ್ಚಿಗಳು ಸರಿದ ಸದ್ದು. ಯಾರೋ ಬಾಗಿಲು ತೆಗೆದು ಹೊರಗೆ ಓಡಿದರು.

"ವಿಮಾನ ದೂರ ಹೋಗ್ತಿದೆ," ಎಂದು ಸೇಲ್ಸ್‌ಮನ್ ಕೂಗಿದ. "ಗಾಳಿ ನಿಂತಿದೆಯಲ್ರೀ, ಯಾಕೆ ಹೋಗ್ತಿದೆ?"

"ಪೊಲೀಸಮ್ಮ." ಅದು ಮ್ಯಾನೇಜರ ದನಿ. ಏದುಸಿರು ಬಿಡುತ್ತಾ ಅವರು ಮೆಟ್ಟಿಲು ಹತ್ತತೊಡಗಿದ್ದರು. ಕಬ್ಬಿಣ ಒಂದೊಂದೇ ಹೆಜ್ಜೆಗೆ ಠಣ್ ಎನ್ನುತ್ತಿತ್ತು. "ಪೊಲೀಸಮ್ಮ, ಮೇಲೆ ಎಲ್ಲಾ ಸರಿ ಇದೆ ತಾನೇ?"

ತಮ್ಮ ರೇಡಿಯೋದ ಸ್ವಿಚ್ಚು ಆರಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ.

ನಾನು ಬಾಗಿಲ ಹತ್ತಿರ ಹೋಗಿ ಒಳಗಿನಿಂದ ಚಿಲಕ ಹಾಕಿದೆ.